ಜೋಳದ ರೆಕ್ಕೆಯಿಲ್ಲದ ಮಿಡತೆಯೂ ಅದಕ್ಕೆ ಹೆಸರಿಟ್ಟ ಪಂಡಿತರೂ

ಮಿಡತೆಯೆಂದೊಡನೆ ದೂರದೇಶದಿಂದ ಆಕಾಶವನ್ನು ಮುಚ್ಚಿಕೊಂಡು ಬರುವ ದಂಡು ಜನರ ನೆನಪಿಗೆ ಬರುವುದು. ದಖನ್ನಿನ ಜೋಳದ ಸೀಮೆಯಲ್ಲಿಯೇ ಹುಟ್ಟಿ ಅಲ್ಲಿಯೇ ಸಾಯುವ ಬೇರೊಂದು ಮಿಡತೆಯುಂಟು. ಎಕ್ಕೆಗಿಡದ ಮೇಲೆ ಕಾಣುವ ಬಣ್ಣದ ಮಿಡತೆಯ ಕುಟುಂಬಕ್ಕೆ ಇದು ಸೇರಿದ್ದು. ಆದರೆ ಬಲಿತ ಮೇಲೂ ಇದಕ್ಕೆ ಹಾರತಕ್ಕ ರೆಕ್ಕೆಗಳು ಮೂಡುವುದಿಲ್ಲ.

ಇದರ ಶಾಸ್ತ್ರೀಯ ನಾಮವು ಕೋಲೆಮ್ಯಾನಿಯ ಸ್ಫೆನೇರಿಯಾಯ್ಡಿಸ್. ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರು 1908ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದರು. ಸ್ಪೇನ್ ದೇಶದ ಮ್ಯಾಡ್ರಿಡ್ ನಗರದ ಪಂಡಿತರಾದ ಇಗ್ನಾಸಿಯೋ ಬೊಲಿವಾರ್ ಅವರು 1910ರಲ್ಲಿ ಈ ಕೀಟವನ್ನು ವರ್ಣಿಸಿ, ಇದೊಂದು ಹೊಸ ಕುಲವೆಂದು ಕಂಡು, ಅದಕ್ಕೆ ಕೋಲ್ಮನ್ ಅವರ ಹೆಸರನ್ನೇ ಇಟ್ಟರು. ಎರಡನೆಯ ಪದಕ್ಕೆ 'ಸ್ಫೆನೇರಿಯಮ್ಮನ್ನು ಹೋಲುವುದು' ಎಂದರ್ಥ. ಸ್ಫೆನೇರಿಯಮ್ ಎಂಬುದು ಮೆಕ್ಸಿಕೋ ದೇಶದ ಮಿಡತೆ. ಅಲ್ಲಿಯವರು ಅದನ್ನು ಹುರಿದು ಉಪ್ಪು ಬೆರೆಸಿ ತಿನ್ನುವರು. ನಮ್ಮವರಿಗೆ ಅದು ರುಚಿಸಲಾರದು.

ಹೆಸರು ಪಂಡಿತರಿಗೆ ಬೇಕು. ರೈತನಿಗೆ ಬೇಕಾದುದು ಹುಳುವಿನ ವರ್ಷದ ನಡೆ. ಅದನ್ನು ಕೋಲ್ಮನ್ ಅವರು 1911ರಲ್ಲಿ ಪ್ರಕಟವಾದ ಪುಸ್ತಿಕೆಯಲ್ಲಿ ವಿವರಿಸಿದರು. ವರ್ಷಕ್ಕೆ ಒಂದೇ ಪೀಳಿಗೆ. ಮಳೆಗಾಲದ ಕೊನೆಗೆ ಹೆಣ್ಣು ತನ್ನ ಹೊಟ್ಟೆಯ ತುದಿಯನ್ನು ನೆಲದಲ್ಲಿ ಊರಿ ತತ್ತಿಗಳನ್ನು ಗೊಂಚಲಾಗಿ ಇಡುವುದು. ಚಳಿ, ಬೇಸಿಗೆ ಕಳೆಯುವ ತನಕ ಅವು ಮಣ್ಣಿನೊಳಗೆ ಇದ್ದು, ಮುಂಗಾರಿ ಮಳೆ ಬಿದ್ದೊಡನೆ ಮರಿಗಳಾಗುವವು. ಮರಿಗಳು ಹುಲ್ಲನ್ನೂ ಎಳೆಯ ಜೋಳವನ್ನೂ ಮೇಯುವವು. ಬಲಿತವು ಗರಿಯನ್ನು ತಿಂದು ತೆನೆಯ ಹಾಲುಗಾಳಿಗೂ ಬಾಯಿ ಹಾಕುವವು. ಆಗ ಕಾಳೂ ಇಲ್ಲ, ದನಗಳಿಗೆ ಒಳ್ಳೆಯ ಕಣಕಿಯೂ ಇಲ್ಲ.

ಬಾಗಲಕೋಟೆ, ಹುನಗುಂದಗಳ ಎರಿ ಹೊಲದವರೂ ಬಾದಾಮಿಯ ಗುಡ್ಡದ ಬುಡದ ಹುಲ್ಲುಗಾವಲಿನ ಅಂಚಿನಲ್ಲಿ ಉಳುವವರೂ ಮುಖ್ಯವಾಗಿ ತಿಳಿಯತಕ್ಕದ್ದು ಇದು: ರೆಕ್ಕೆಯಿಲ್ಲದ ಹುಳು ದೂರದಿಂದ ಬರಲಾರದು. ಊರಿನಲ್ಲಿ ಕಂಡದ್ದು ಬಹುಮಟ್ಟಿಗೆ ಊರಿನಲ್ಲಿಯೋ ನೆರೆಯ ಊರಿನಲ್ಲಿಯೋ ಹುಟ್ಟಿದ್ದು. ಒಬ್ಬನು ಉತ್ತು, ನೆರೆಯವನು ಬೀಳುಬಿಟ್ಟರೆ ಮೊದಲಿನವನ ದುಡಿಮೆ ವ್ಯರ್ಥ. ಗೌಡರು ಇದನ್ನು ಒಬ್ಬನ ಹೊಲದ ಕೆಲಸವೆಂದು ಬಿಡದೆ ಇಡೀ ಊರಿನ ಕೆಲಸವೆಂದು ನಡೆಸತಕ್ಕದ್ದು.

ಪೀಕು ತೆಗೆದ ಮೇಲೆ ರಂಟೆ ಹೊಡೆದರೆ ತತ್ತಿಗಳು ಮೇಲಕ್ಕೆ ಬಂದು ಬಿಸಿಲಿಗೆ ಒಣಗುವವು. ನೇಗಿಲ ಹಿಂದೆ ಬರುವ ಗೊರವಂಕ, ಬೆಳ್ಳಕ್ಕಿಗಳೂ ಅವನ್ನು ಹೆಕ್ಕುವವು. ಅವನ್ನು ಓಡಿಸಬಾರದು. ನೇಗಿಲು ತಾಗದ ಬದುಗಳನ್ನು ಗುದ್ದಲಿಯಿಂದ ಕೆದರಬೇಕು. ಈ ಕೆಲಸವೇ ಸಾಮಾನ್ಯವಾಗಿ ಉಳಿದುಹೋಗುವುದು. ಮೃಗಶಿರ ಮಳೆಯ ತರುವಾಯ ವಾರಕ್ಕೆರಡು ಬಾರಿ ಬದುಗಳ ಹುಲ್ಲನ್ನು ನೋಡುತ್ತಿರಬೇಕು. ಮರಿಗಳು ಕಂಡರೆ ಬೆಳಗಿನ ತಂಪಿನಲ್ಲಿ, ಅವು ಇನ್ನೂ ಮಂದವಾಗಿರುವಾಗ, ಅಗಲಬಾಯಿಯ ಬಟ್ಟೆಯ ಚೀಲವನ್ನು ಇಬ್ಬರು ಹಿಡಿದು ಹುಲ್ಲಿನ ಮೇಲೆ ಎಳೆಯುತ್ತ ನಡೆಯಬೇಕು. ಚೀಲಕ್ಕೆ ಇಳಕಲ್ಲಿನ ಮಗ್ಗದ ಬಟ್ಟೆಯೇನೂ ಬೇಡ. ಹಳೆಯ ಧೋತರ ಸಾಕು. ಹಿಡಿದವುಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿನಲ್ಲಿ ಮುಳುಗಿಸಿ, ಹೊಲದ ಹೊರಗೆ ಕುಣಿ ತೋಡಿ ಹೂಳಬೇಕು.