ಸಕ್ಕರೆ ಅಳೆಯುವ ಸ್ಮಾರ್ಟ್‌ವಾಚ್: ಕೊಳ್ಳಬಹುದೇ?

ಮಧುಮೇಹವಿರುವ ತಂದೆಗೆ, ಚರ್ಮ ಚುಚ್ಚದೆಯೇ ರಕ್ತದ ಸಕ್ಕರೆಯನ್ನು ಅಳೆಯುತ್ತದೆಂದು ಜಾಹೀರಾತು ಹೇಳುವ ಸ್ಮಾರ್ಟ್‌ವಾಚ್ ಕೊಡಿಸಬಯಸಿರುವ ಓದುಗರು ಆ ಖರೀದಿಯನ್ನು ಕೈಬಿಡುವುದೇ ಸರಿ. ಇಂತಹ ಗಡಿಯಾರದ ಹಿಂಬದಿಯಿಂದ ಹೊಮ್ಮುವ ಹಸಿರು ಬೆಳಕಿನ ಒಂದಂಶವನ್ನು ಚರ್ಮದಡಿಯ ರಕ್ತ ಹೀರಿಕೊಳ್ಳುತ್ತದೆ. ಪ್ರತಿ ಮಿಡಿತಕ್ಕೂ ಅಲ್ಲಿನ ರಕ್ತದ ಪ್ರಮಾಣ ಏರಿಳಿಯುವುದರಿಂದ ಮರಳಿ ಬರುವ ಬೆಳಕೂ ಏರಿಳಿಯುತ್ತದೆ. ಫೋಟೋಪ್ಲೆತಿಸ್ಮೋಗ್ರಫಿ ಎಂದು ಕರೆಯಲಾಗುವ ಈ ವಿಧಾನ ನಾಡಿಬಡಿತದ ಎಣಿಕೆಗೆ ಒದಗುತ್ತದೆಯೇ ಹೊರತು ಗ್ಲೂಕೋಸಿನ ವಿಶ್ವಾಸಾರ್ಹ ಅಳತೆಗಲ್ಲ. ತಾನಾಗಿಯೇ ಸಕ್ಕರೆ ಅಳೆಯುವ ಯಾವುದೇ ಸ್ಮಾರ್ಟ್‌ವಾಚ್‌ಗಾಗಲಿ ಉಂಗುರಕ್ಕಾಗಲಿ ಅನುಮತಿ ನೀಡಿಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2024ರ ಫೆಬ್ರುವರಿಯಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತು. ಆ ಎಚ್ಚರಿಕೆ ಅತಿಯಾದುದಲ್ಲ: ತಪ್ಪು ಅಂಕಿಯನ್ನು ನಂಬಿ ಇನ್ಸುಲಿನ್ ಹೆಚ್ಚು ತೆಗೆದುಕೊಂಡವರ ಸಕ್ಕರೆ ಕುಸಿದು, ಪ್ರಜ್ಞೆ ತಪ್ಪಿ, ಜೀವಕ್ಕೇ ಎರವಾಗಬಹುದು.

ನಿರಂತರ ಗ್ಲೂಕೋಸ್ ಮಾಪಕವೆಂಬ ಸಾಧನದ ಮಾತು ಬೇರೆ. ಚರ್ಮದಡಿ ಸೇರಿಸಿದ ಕೂದಲೆಳೆಯಂಥ ತಂತು ಜೀವಕೋಶಗಳ ನಡುವಿನ ದ್ರವದಲ್ಲಿರುವ ಗ್ಲೂಕೋಸನ್ನು ಅಳೆಯುತ್ತದೆ, ಗಡಿಯಾರವೋ ಮೊಬೈಲೋ ಆ ಅಂಕಿಯನ್ನು ತೋರಿಸುತ್ತದೆಯಷ್ಟೆ. ಅದು ದುಬಾರಿಯೆನಿಸಿದರೆ, ಬೆರಳ ತುದಿಯ ಹನಿರಕ್ತ ಪರೀಕ್ಷಿಸುವ ಸಾಧಾರಣ ಗ್ಲೂಕೋಮೀಟರನ್ನೂ ಅದಕ್ಕೆ ಬೇಕಾದ ಪಟ್ಟಿಗಳನ್ನೂ ಕೊಂಡು, ದಿನಕ್ಕೆಷ್ಟು ಬಾರಿ ಪರೀಕ್ಷಿಸಬೇಕೆಂಬುದನ್ನು ವೈದ್ಯರಿಂದಲೇ ಕೇಳಿ ತಿಳಿಯುವುದು ಉಚಿತ.