ಬ್ಯಾಟರಿ ಟ್ರಕ್ಕೋ, ನೈಟ್ರೋ ಟ್ರಕ್ಕೋ?



ಕನ್ನಡ ತರಗತಿಯಲ್ಲಿ ‘ನನಗೆ ಬೇಕಾದ ಉಡುಗೊರೆ’ ಎಂದು ವಿಷಯ ಕೊಟ್ಟು ಹತ್ತು ಸಾಲು ಬರೆಯಿರಿ ಎಂದರೆ, ಹುಡುಗರಲ್ಲಿ ಬಹಳ ಮಂದಿ ರಿಮೋಟಿನಲ್ಲಿ ಓಡುವ ಟ್ರಕ್ಕನ್ನೇ ಕೇಳುತ್ತಾರೆ. ಈ ವಿಷಯದಲ್ಲಿ ಹುಡುಗಿಯರೂ ಹಿಂದೆ ಬಿದ್ದಿಲ್ಲ. ಕಿರಿಯರು ಬ್ಯಾಟರಿಯದ್ದು ಸಾಕು ಎನ್ನುತ್ತಾರೆ. ಹನ್ನೊಂದು ಹನ್ನೆರಡು ದಾಟಿದವರು ‘ನೈಟ್ರೋ’ ಎಂಬ ಮಾತು ತೆಗೆಯುತ್ತಾರೆ. ಆಮೇಲೆ ತಂದೆತಾಯಿಯರು ಮೊಗಸಾಲೆಯಲ್ಲಿ ನಿಂತು ನಮ್ಮನ್ನು ಕೇಳುತ್ತಾರೆ: “ಮೇಡಂ, ಈ ನೈಟ್ರೋ ಅಂದರೇನು? ಕೊಡಿಸಬಹುದಾ?” ವ್ಯಾಕರಣ ಹೇಳಿಕೊಡುವವರಿಗೆ ಈ ಪ್ರಶ್ನೆ ಏಕೆ ಎನ್ನಬೇಡಿ. ಮಕ್ಕಳು ಯಾವುದರ ಬಗ್ಗೆ ಮಾತಾಡುತ್ತಾರೋ ಅದನ್ನು ಕನ್ನಡದಲ್ಲಿ ಮಾತಾಡಲು ಕಲಿಸುವುದು ನಮ್ಮದೇ ಕೆಲಸ. ಆದ್ದರಿಂದ ಈ ಸಲದ ಪಾಠ ಟ್ರಕ್ಕಿನದು.

ಮೊದಲು ಬ್ಯಾಟರಿ ಟ್ರಕ್ಕು. ಅದರಲ್ಲಿ ಒಂದು ಬ್ಯಾಟರಿ, ಒಂದು ಮೋಟಾರು, ಇವೆರಡರ ನಡುವೆ ವೇಗ ಹತೋಟಿ ಮಾಡುವ ಒಂದು ಪುಟ್ಟ ಪೆಟ್ಟಿಗೆ ಇರುತ್ತವೆ. ರಿಮೋಟಿನ ಕುದುರೆ ಒತ್ತಿದಷ್ಟು ವಿದ್ಯುತ್ತು ಮೋಟಾರಿಗೆ ಹೋಗುತ್ತದೆ. ಹಿಂದೆ ನಿಕ್ಕಲ್ ಬ್ಯಾಟರಿಗಳಿದ್ದವು, ಒಂದೊಂದು ಕೋಶಕ್ಕೆ 1.2 ವೋಲ್ಟ್. ಆರು ಕೋಶ ಸೇರಿಸಿದರೆ 7.2 ವೋಲ್ಟ್. ಈಗ ಹೆಚ್ಚಾಗಿ ಬಳಸುವ ಲಿಥಿಯಂ ಪಾಲಿಮರ್ ಬ್ಯಾಟರಿಯಲ್ಲಿ ಒಂದು ಕೋಶಕ್ಕೇ 3.7 ವೋಲ್ಟ್ ಇರುವುದರಿಂದ ಎರಡೇ ಕೋಶ ಸಾಕು. ತೂಕ ಕಡಿಮೆ, ಕಸುವು ಹೆಚ್ಚು. ಬ್ಯಾಟರಿ ಟ್ರಕ್ಕು ಎಂದರೆ ಮಂದ ಎಂದು ನಮ್ಮ ಮನಸ್ಸಿನಲ್ಲಿ ಇದ್ದರೆ ಅದನ್ನು ತೆಗೆದುಬಿಡಬೇಕು. ಕಾರ್ಬನ್ ಬ್ರಷ್ ಇಲ್ಲದ ಹೊಸ ಮೋಟಾರುಗಳಿರುವ ಟ್ರಕ್ಕುಗಳು ಗಂಟೆಗೆ 30 ಮೈಲಿ ಸಲೀಸಾಗಿ ಮುಟ್ಟುತ್ತವೆ, ಕೆಲವು ಅದನ್ನೂ ಮೀರುತ್ತವೆ. ಮೂರು ನಾಲ್ಕು ಕಿಲೋ ತೂಕದ ವಸ್ತು ಆ ವೇಗದಲ್ಲಿ ಪಕ್ಕದ ಮನೆಯ ಮಗುವಿನ ಕಾಲಿಗೆ ಬಡಿದರೆ ಏನಾಗುತ್ತದೆ ಎಂದು ನೀವೇ ಯೋಚಿಸಿ.

ನೈಟ್ರೋ ಟ್ರಕ್ಕಿನಲ್ಲಿ ಇರುವುದು ನಿಜವಾದ ಎಂಜಿನ್ನು. ಅಡಿಕೆ ಗಾತ್ರದ ಪಿಸ್ಟನ್, ಎರಡೂವರೆ ಮೂರು ಸಿಸಿ ಸಾಮರ್ಥ್ಯ, ನಿಮಿಷಕ್ಕೆ ಮೂವತ್ತು ಸಾವಿರದಷ್ಟು ಸುತ್ತು. ಇದು ಟೂ ಸ್ಟ್ರೋಕ್ ಎಂಜಿನ್ನು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1996ರವರೆಗೆ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಮೋಟಾರ್ ಬೈಕುಗಳು ನಿಮ್ಮ ತಾತನಿಗೋ ಚಿಕ್ಕಪ್ಪನಿಗೋ ಖಂಡಿತ ನೆನಪಿರುತ್ತವೆ. ಕೇಳಿ ನೋಡಿ. ಪೆಟ್ರೋಲ್ ಬಂಕಿನಲ್ಲಿ ಪೆಟ್ರೋಲಿನ ಜೊತೆಗೇ ಎಣ್ಣೆ ಬೆರೆಸಿ ಹಾಕಿಸಿಕೊಳ್ಳುತ್ತಿದ್ದರು. ನೈಟ್ರೋ ಎಂಜಿನ್ನಿನದೂ ಅದೇ ಜಾತಿ. ಇಂಧನದಲ್ಲೇ ಎಣ್ಣೆ ಬೆರೆತಿರುತ್ತದೆ, ಅದೇ ಒಳಗಿನ ಭಾಗಗಳನ್ನು ಸವೆಯದಂತೆ ಕಾಯುತ್ತದೆ. ಸುಡದೆ ಉಳಿದ ಎಣ್ಣೆ ಹೊಗೆಯ ಜೊತೆ ಹೊರಗೆ ಬಂದು ಟ್ರಕ್ಕಿನ ಮೈಗೆಲ್ಲ ಅಂಟುತ್ತದೆ. ಆ ‘ಡುಬ್ ಡುಬ್’ ಸದ್ದು ಕೇಳಿ ಬೆಳೆದ ತಂದೆಯರು ನೈಟ್ರೋ ಎಂದೊಡನೆ ಮೆತ್ತಗಾಗುವುದನ್ನು ಕಂಡಿದ್ದೇವೆ. ಆಸೆ ಮಗನದೋ ಅಪ್ಪನದೋ ಎಂದು ಕೊಳ್ಳುವ ಮುನ್ನ ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.

ಆದರೆ ಇಂಧನ ಪೆಟ್ರೋಲ್ ಅಲ್ಲ. ಅದರ ಬಹುಭಾಗ ಮೆಥನಾಲ್, ಸಾಮಾನ್ಯವಾಗಿ ಶೇಕಡಾ 10ರಿಂದ 30 ನೈಟ್ರೋಮೀಥೇನ್, ಉಳಿದದ್ದು ಎಣ್ಣೆ. ಇಲ್ಲೊಂದು ಸೊಗಸಾದ ವಿಜ್ಞಾನವಿದೆ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಬೇಕಾದರೆ ಸುಮಾರು 14.7 ಕಿಲೋ ಗಾಳಿ ಬೇಕು. ಮೆಥನಾಲಿಗೆ ಸುಮಾರು ಆರೂವರೆ ಕಿಲೋ ಸಾಕು. ನೈಟ್ರೋಮೀಥೇನಿಗೆ ಎರಡು ಕಿಲೋ ಕೂಡ ಬೇಡ, ಏಕೆಂದರೆ ಅದು ತನ್ನ ಅಣುವಿನೊಳಗೇ ಆಮ್ಲಜನಕವನ್ನು ಬುತ್ತಿಯಂತೆ ಕಟ್ಟಿಕೊಂಡು ಬಂದಿರುತ್ತದೆ. ಆದ್ದರಿಂದ ಅಷ್ಟೇ ಗಾಳಿಯಲ್ಲಿ ಹೆಚ್ಚು ಇಂಧನ ಸುಡಬಹುದು, ಹೆಚ್ಚು ಶಕ್ತಿ ಸಿಗುತ್ತದೆ. ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ಗೂ ಇಲ್ಲ. ಬದಲಿಗೆ ಗ್ಲೋ ಪ್ಲಗ್ ಎಂಬುದೊಂದಿದೆ. ಅದರ ಪ್ಲಾಟಿನಂ ತಂತಿಯನ್ನು ಶುರುವಿನಲ್ಲಿ ಬ್ಯಾಟರಿಯಿಂದ ಕೆಂಪಗೆ ಕಾಯಿಸುತ್ತಾರೆ. ಎಂಜಿನ್ನು ಓಡತೊಡಗಿದ ಮೇಲೆ ಮೆಥನಾಲಿನ ಆವಿ ಪ್ಲಾಟಿನಂ ಜೊತೆ ವರ್ತಿಸಿ ತಂತಿ ತಾನೇ ಕಾದಿರುತ್ತದೆ.

ಪೋಷಕರೇ, ಈ ಮೆಥನಾಲ್ ಎಂಬ ಹೆಸರನ್ನು ದಯವಿಟ್ಟು ಗಮನಿಸಿ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಅಂಥ ದುರಂತಗಳ ಹಿಂದೆ ಇರುವುದು ಇದೇ ಮೆಥನಾಲ್. ಸ್ವಲ್ಪ ಒಳಗೆ ಹೋದರೂ ಕಣ್ಣು ಹೋಗಬಹುದು, ಪ್ರಾಣವೂ ಹೋಗಬಹುದು. ಅಂಗಡಿಯಲ್ಲಿ ಸಿಗುವ ನೈಟ್ರೋ ಇಂಧನಕ್ಕೆ ಗುಲಾಬಿ, ಹಸಿರು, ನೀಲಿ ಬಣ್ಣ ಹಾಕಿರುತ್ತಾರೆ. ನೋಡಲು ಥೇಟ್ ಶರಬತ್ತು! ನಮ್ಮ ಮನೆಗಳಲ್ಲಿ ಖಾಲಿ ಬಾಟಲಿ, ಡಬ್ಬಿ ಎಸೆಯುವ ಪದ್ಧತಿಯೇ ಇಲ್ಲ, ತೊಳೆದು ಇನ್ನೊಂದಕ್ಕೆ ಬಳಸುತ್ತೇವೆ. ಬೇರೆ ವಿಷಯಕ್ಕೆ ಅದು ಒಳ್ಳೆಯ ಅಭ್ಯಾಸ. ಈ ಇಂಧನವನ್ನು ಮಾತ್ರ ನೀರಿನ ಬಾಟಲಿಗೆ, ಜ್ಯೂಸಿನ ಬಾಟಲಿಗೆ ಎಂದೂ ಬಗ್ಗಿಸಬೇಡಿ. ಬಂದ ಡಬ್ಬಿಯಲ್ಲೇ, ಬೀಗ ಹಾಕಿದ ಜಾಗದಲ್ಲಿ, ನೀರು ಕಾಯಿಸುವ ಹೀಟರಿನಿಂದ ದೂರ ಇರಲಿ. ಭಾರತದಿಂದ ಬಂದ ಅಜ್ಜಿ ತಾತಂದಿರು ಮನೆಯಲ್ಲಿದ್ದರೆ ಅವರಿಗೂ ತೋರಿಸಿ ಹೇಳಿ. ಮಗು ಕುಡಿದಿದೆ ಎಂಬ ಅನುಮಾನ ಬಂದರೂ ಸಾಕು, ಲಕ್ಷಣ ಕಾಣಲಿ ಎಂದು ಕಾಯಬಾರದು, ಏಕೆಂದರೆ ಲಕ್ಷಣ ಕಾಣಿಸಲು ಹಲವು ಗಂಟೆ ಹಿಡಿಯಬಹುದು. ಈ ದೇಶದ ವಿಷ ಸಹಾಯವಾಣಿ 1-800-222-1222. ಮಗುವಿಗೆ ಎಚ್ಚರ ತಪ್ಪಿದ್ದರೆ ನೇರ 911. ಇನ್ನೊಂದು ಸಂಗತಿ: ಮೆಥನಾಲಿನ ಜ್ವಾಲೆ ಹಗಲು ಬೆಳಕಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ ಎನ್ನುವಷ್ಟು ತಿಳಿಯಾಗಿರುತ್ತದೆ. ಬೆಂಕಿ ಇಲ್ಲ ಎಂದುಕೊಂಡು ಕೈ ಹಾಕುವುದು ಅಪಾಯ. ಕಾದ ಎಂಜಿನ್ನಿಗೆ ಇಂಧನ ತುಂಬಿಸುವ ಕೆಲಸ ದೊಡ್ಡವರದೇ ಆಗಿರಲಿ.

ಹಾಗಾದರೆ ಬ್ಯಾಟರಿ ಪೂರ್ತಿ ನಿರಪಾಯವೇ? ಅಲ್ಲ. ಲಿಥಿಯಂ ಬ್ಯಾಟರಿಯನ್ನು ತಪ್ಪು ಚಾರ್ಜರಿಗೆ ಸಿಕ್ಕಿಸಿದರೆ, ಅಥವಾ ಪೆಟ್ಟು ತಿಂದು ಹಪ್ಪಳದಂತೆ ಉಬ್ಬಿದ್ದನ್ನು ಮತ್ತೆ ಚಾರ್ಜ್ ಮಾಡಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ರಾತ್ರಿ ಚಾರ್ಜಿಗೆ ಹಾಕಿ ಮಲಗುವುದು ಬೇಡ. ಕಾರ್ಪೆಟ್ಟಿನ ಮೇಲೆ, ಮಂಚದ ಕೆಳಗೆ ಬೇಡ, ಸಿಮೆಂಟ್ ನೆಲದ ಮೇಲೆ, ಎದುರಿಗೆ ಒಬ್ಬರು ಇದ್ದಾಗ ಚಾರ್ಜ್ ಮಾಡಬೇಕು. ಕೋಶಕ್ಕೆ 4.2 ವೋಲ್ಟ್ ದಾಟಬಾರದು, 3 ವೋಲ್ಟಿಗಿಂತ ಕೆಳಗೆ ಇಳಿಯಬಾರದು, ವಾರಗಟ್ಟಲೆ ಎತ್ತಿಡುವುದಾದರೆ 3.8ರ ಹತ್ತಿರ ನಿಲ್ಲಿಸಬೇಕು. ಒಳ್ಳೆಯ ಚಾರ್ಜರು ಇದನ್ನೆಲ್ಲ ತಾನೇ ನೋಡಿಕೊಳ್ಳುತ್ತದೆ, ಆದ್ದರಿಂದ ಟ್ರಕ್ಕಿನಲ್ಲಿ ಹಣ ಉಳಿಸಿದರೂ ಚಾರ್ಜರಿನಲ್ಲಿ ಉಳಿಸಬೇಡಿ. ಕೆಟ್ಟ ಬ್ಯಾಟರಿಯನ್ನು ಕಸದ ಡಬ್ಬಿಗೆ ಹಾಕುವಂತಿಲ್ಲ. ಶಿಕಾಗೋ ಕಡೆಯವರಿಗೆ ನೇಪರ್‌ವಿಲ್‌ನಲ್ಲಿ ಮನೆಯ ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವ ಕೇಂದ್ರವಿದೆ. ಡೆಟ್ರಾಯಿಟ್ ಕಡೆ ಓಕ್ಲೆಂಡ್ ಕೌಂಟಿಯ ಉತ್ತರ ಭಾಗದ ಊರುಗಳು ಸೇರಿ ಇಂಥ ತ್ಯಾಜ್ಯ ಸಂಗ್ರಹದ ದಿನಗಳನ್ನು ನಡೆಸುತ್ತವೆ. ಉಳಿದ ಇಂಧನಕ್ಕೂ ಅದೇ ದಾರಿ.

ನಮ್ಮ ಊರುಗಳ ಚಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನವೆಂಬರಿನಿಂದ ಮಾರ್ಚಿಯವರೆಗೆ ನೈಟ್ರೋ ಎಂಜಿನ್ನು ಎಬ್ಬಿಸುವುದೇ ಒಂದು ಸಾಹಸ. ತಣ್ಣನೆ ಗಾಳಿ ದಟ್ಟವಾಗಿರುವುದರಿಂದ ಕಾರ್ಬ್ಯುರೇಟರಿನ ಸೂಜಿ ತಿರುಗಿಸಿ ಇಂಧನ ಹೆಚ್ಚು ಬಿಡಬೇಕು, ಬೇಸಿಗೆ ಬಂದಾಗ ಮತ್ತೆ ಬದಲಿಸಬೇಕು. ಚಳಿ ಎಂದು ಗ್ಯಾರೇಜಿನ ಬಾಗಿಲು ಹಾಕಿಕೊಂಡು ಓಡಿಸುವುದಂತೂ ಕೂಡದು, ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಬ್ಯಾಟರಿಯೂ ಚಳಿಗೆ ಸೊರಗುತ್ತದೆ, ಬೇಗ ಮುಗಿಯುತ್ತದೆ. ಆದರೆ ಮನೆಯೊಳಗೆ ಬೆಚ್ಚಗಿಟ್ಟು ತಂದರೆ ಹಿಮದ ಮೇಲೂ ಹತ್ತು ನಿಮಿಷ ಆಡಬಹುದು. ತಣ್ಣಗಾದ ಬ್ಯಾಟರಿಯನ್ನು ಕೋಣೆಯ ಬಿಸಿಗೆ ಬಂದ ಮೇಲೆಯೇ ಚಾರ್ಜಿಗೆ ಹಾಕಬೇಕು.

ಸದ್ದಿನ ವಿಷಯ ಹೆಚ್ಚು ಹೇಳಬೇಕಿಲ್ಲ. ಟೌನ್‌ಹೋಮಿನಲ್ಲಿ ಗೋಡೆಗೆ ಗೋಡೆ ಅಂಟಿಕೊಂಡು ಇರುವವರಿಗೆ ನೈಟ್ರೋ ಎಂದರೆ ನೆರೆಯವರ ಜೊತೆ ಜಗಳ. ವಿದ್ಯಾರಣ್ಯ ಕನ್ನಡ ಕೂಟದ್ದೋ ಪಂಪ ಕನ್ನಡ ಕೂಟದ್ದೋ ಪಿಕ್ನಿಕ್ಕಿಗೆ ಒಯ್ಯುವುದಾದರೂ ಬ್ಯಾಟರಿಯದ್ದನ್ನೇ ಒಯ್ಯಿರಿ. ಬೇಸಿಗೆ ರಜೆಯಲ್ಲಿ ಬೆಂಗಳೂರಿಗೆ ಹೋಗುವಾಗ ನೈಟ್ರೋ ಇಂಧನವನ್ನು ವಿಮಾನದಲ್ಲಿ ಒಯ್ಯುವಂತೆಯೇ ಇಲ್ಲ. ಓಡಿಸಿದ ಎಂಜಿನ್ನಿನಲ್ಲಿ ಇಂಧನದ ವಾಸನೆ ಉಳಿದಿದ್ದರೂ ತಡೆಯುತ್ತಾರೆ. ಬಿಡಿ ಲಿಥಿಯಂ ಬ್ಯಾಟರಿ 100 ವಾಟ್-ಅವರ್ ಒಳಗಿದ್ದರೆ ಕೈಚೀಲದಲ್ಲಿ ಮಾತ್ರ ಒಯ್ಯಬಹುದು, ತುದಿಗಳಿಗೆ ಟೇಪು ಸುತ್ತಿರಬೇಕು.

ಈ ಚರ್ಚೆ ಆಟಿಕೆಗಳಲ್ಲಿ ಹುಟ್ಟಿದ್ದಲ್ಲ. ನೂರು ವರ್ಷದ ಹಿಂದೆ ಡೆಟ್ರಾಯಿಟ್ ನಗರವೇ ಇದನ್ನು ನಡೆಸಿತ್ತು. 1907ರಿಂದ ಅಲ್ಲಿ ‘ಡೆಟ್ರಾಯಿಟ್ ಎಲೆಕ್ಟ್ರಿಕ್’ ಎಂಬ ಬ್ಯಾಟರಿ ಕಾರು ತಯಾರಾಗುತ್ತಿತ್ತು. ಪೆಟ್ರೋಲ್ ಕಾರಿನಿಂದ ಹೆಸರು ಮಾಡಿದ ಹೆನ್ರಿ ಫೋರ್ಡರ ಹೆಂಡತಿ ಕ್ಲಾರಾ ಫೋರ್ಡ್ ಓಡಿಸುತ್ತಿದ್ದದ್ದು ಅದನ್ನೇ! ಅವರ 1914ರ ಕಾರು ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯದಲ್ಲಿದೆ. ಪೆಟ್ರೋಲ್ ಕಾರಿಗೆ ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕಿತ್ತು, ಬ್ಯಾಟರಿ ಕಾರಿಗೆ ಆ ಕಷ್ಟವಿರಲಿಲ್ಲ. 1912ರ ಕ್ಯಾಡಿಲಾಕ್‌ಗೆ ಚಾರ್ಲ್ಸ್ ಕೆಟರಿಂಗ್ ವಿದ್ಯುತ್ ಸ್ಟಾರ್ಟರ್ ಅಳವಡಿಸಿದ ಮೇಲೆ ಆ ವ್ಯತ್ಯಾಸ ಹೋಯಿತು, ಪೆಟ್ರೋಲ್ ಅಗ್ಗವಾಗಿ ಗೆದ್ದಿತು. ಇಂದು ಹಗ್ಗ ಎಳೆದೆಳೆದು ನೈಟ್ರೋ ಟ್ರಕ್ಕು ಎಬ್ಬಿಸುವ ಹುಡುಗನ ಕೈ ನೋಯುವಾಗ 1911ರ ಚಾಲಕರ ಕಷ್ಟ ಅರ್ಥವಾಗುತ್ತದೆ.

ನಮ್ಮವರದೂ ಒಂದು ಪಾತ್ರವಿದೆ. ಆನ್ ಆರ್ಬರಿನ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಬೆಂಗಳೂರಿನ ಚೇತನ್ ಮೈನಿ ಅಲ್ಲಿನ ಸೌರಶಕ್ತಿ ಕಾರಿನ ತಂಡದಲ್ಲಿದ್ದರು. 1990ರಲ್ಲಿ ಫ್ಲಾರಿಡಾದಿಂದ ಮಿಷಿಗನ್‌ವರೆಗೆ ನಡೆದ ಸೌರ ಕಾರುಗಳ ಪಂದ್ಯದಲ್ಲಿ ಆ ತಂಡ ಮೊದಲು ಬಂತು. ಊರಿಗೆ ಮರಳಿ ಅವರು 2001ರಲ್ಲಿ ಬೆಂಗಳೂರಿನಲ್ಲಿ ರೇವಾ ಬ್ಯಾಟರಿ ಕಾರನ್ನು ಮಾರುಕಟ್ಟೆಗೆ ತಂದರು. ಬೆಂಗಳೂರಿನ ರಸ್ತೆಯಲ್ಲಿ ಓಡುತ್ತಿದ್ದ ಆ ಪುಟ್ಟ ಕಾರನ್ನು ಜನ ಆಟಿಕೆಯೆಂದು ನಕ್ಕದ್ದೂ ಉಂಟು. ಲಂಡನ್ನಿನಲ್ಲಿ ಅದು ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿತು.

ಆಟಿಕೆಯ ಲೋಕದಲ್ಲೂ ಗಾಳಿ ತಿರುಗಿದೆ. 1999ರಲ್ಲಿ ಟ್ರಾಕ್ಸಸ್ ಕಂಪನಿಯ ಟಿ-ಮ್ಯಾಕ್ಸ್ ಬಂದಾಗ ಹುಡುಗರೆಲ್ಲ ನೈಟ್ರೋ ಹಿಂದೆ ಬಿದ್ದಿದ್ದರು. ಇಂದು ಅಂಗಡಿಯ ಕಪಾಟಿನಲ್ಲಿ ಬ್ಯಾಟರಿಯದ್ದೇ ರಾಜ್ಯ. ಈ ಉದ್ಯಮದ ದೊಡ್ಡ ಮನೆ ನಮ್ಮ ಇಲಿನಾಯ್‌ನಲ್ಲೇ ಇದೆ. ಶ್ಯಾಂಪೇನ್ ಊರಿನ ಹೊರೈಜನ್ ಹಾಬಿ ಅದೇ. ಅದೇ ಊರಿನ ಹಾಬಿಕೋ ಕಂಪನಿ 2018ರಲ್ಲಿ ದಿವಾಳಿಯಾಯಿತು. ನೈಟ್ರೋ ಕೊಳ್ಳುವವರು ಬಿಡಿಭಾಗ ಮತ್ತು ಇಂಧನ ಹತ್ತಿರದ ಅಂಗಡಿಯಲ್ಲಿ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಬೇಕು.

ನಮ್ಮ ಅಭಿಪ್ರಾಯ ಕೇಳಿದರೆ, ಮೊದಲ ಟ್ರಕ್ಕು ಬ್ಯಾಟರಿಯದ್ದೇ ಇರಲಿ. ವೇಗವನ್ನು ಅರ್ಧಕ್ಕೆ ಇಳಿಸುವ ಸೌಲಭ್ಯ ಇರುವುದನ್ನು ಆರಿಸಿ. ಹೈಸ್ಕೂಲು ಮುಟ್ಟಿದ ಮಗುವಿಗೆ ಸ್ಪ್ಯಾನರ್ ಹಿಡಿಯುವ ಆಸೆಯಿದ್ದು, ಜೊತೆಗೆ ಕೂರಲು ದೊಡ್ಡವರೊಬ್ಬರಿಗೆ ಪುರುಸೊತ್ತಿದ್ದರೆ ನೈಟ್ರೋ ಆಗಬಹುದು. ಅದನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಹೊಸ ಎಂಜಿನ್ನನ್ನು ಮೊದಲ ಕೆಲವು ಟ್ಯಾಂಕು ಮೆಲ್ಲಗೆ ಓಡಿಸಿ ಪಳಗಿಸುವುದು, ಸದ್ದು ಕೇಳಿಯೇ ಇಂಧನ ಹೆಚ್ಚೋ ಕಡಿಮೆಯೋ ಎಂದು ತಿಳಿಯುವುದು, ಆಟ ಮುಗಿದ ಮೇಲೆ ತುಕ್ಕು ಹಿಡಿಯದಂತೆ ಎಣ್ಣೆ ಬಿಡುವುದು, ಇವೆಲ್ಲ ಕೈಕೆಲಸದ ವಿದ್ಯೆ. ಬ್ಯಾಟರಿ ಟ್ರಕ್ಕಿನಲ್ಲಿ ಅಷ್ಟು ಕಲಿಯಲು ಸಿಗುವುದಿಲ್ಲ, ನಿಜ. ಆದರೆ ಅರ್ಧ ಗಂಟೆ ಆಟಕ್ಕೆ ಅರ್ಧ ಗಂಟೆ ಒರೆಸುವ ಕೆಲಸ ಇರುತ್ತದೆ ಎಂದು ಮಗುವಿಗೆ ಮೊದಲೇ ಹೇಳಿ, ಮುಖ ನೋಡಿ ತೀರ್ಮಾನಿಸಿ.

ಇನ್ನು ಮಕ್ಕಳಿಗೆ ಮನೆಗೆಲಸ. 5000 ಮಿಲಿ ಆಂಪ್-ಅವರ್ ಬ್ಯಾಟರಿಯಿಂದ ಟ್ರಕ್ಕು ಸರಾಸರಿ 20 ಆಂಪ್ ಎಳೆದರೆ ಎಷ್ಟು ನಿಮಿಷ ಓಡೀತು? (5ನ್ನು 20ರಿಂದ ಭಾಗಿಸಿದರೆ ಕಾಲು ಗಂಟೆ, ಅಂದರೆ 15 ನಿಮಿಷ. ಇದನ್ನು ನಾವೇ ಮಾಡಿಕೊಟ್ಟೆವು.) ಮುಂದಿನದು ನಿಮ್ಮದು: ಒಂದು ಗ್ಯಾಲನ್ ಎಂದರೆ 3785 ಮಿಲಿಲೀಟರ್. ಗ್ಯಾಲನ್ನಿಗೆ 40 ಡಾಲರ್, ಟ್ಯಾಂಕು 100 ಮಿಲಿಲೀಟರಿನದು, ಒಂದು ಟ್ಯಾಂಕಿಗೆ 10 ನಿಮಿಷ ಎಂದಿಟ್ಟುಕೊಳ್ಳಿ. ಒಂದು ಗಂಟೆಯ ಆಟಕ್ಕೆ ಇಂಧನದ ಖರ್ಚೆಷ್ಟು? 40 ಡಾಲರಿನ ಬ್ಯಾಟರಿ 200 ಸಲ ಚಾರ್ಜ್ ಆಗುತ್ತದೆ, ಒಂದು ಚಾರ್ಜಿಗೆ 15 ನಿಮಿಷ ಆಟ ಎಂದರೆ ಅದರಲ್ಲಿ ಗಂಟೆಗೆಷ್ಟು? ಲೆಕ್ಕ ಮಾಡಿ, ನಿಮಗೆ ಯಾವ ಟ್ರಕ್ಕು ಏಕೆ ಬೇಕು ಎಂದು ಅಪ್ಪ ಅಮ್ಮನಿಗೆ ಕನ್ನಡದಲ್ಲಿ ಒಂದು ಪುಟದ ಪತ್ರ ಬರೆಯಿರಿ. ‘ಏಕೆಂದರೆ’, ‘ಆದರೂ’, ‘ಹಾಗಾಗಿ’ ಈ ಮೂರು ಪದಗಳು ಪತ್ರದಲ್ಲಿ ಇರಲೇಬೇಕು.