ಪಟ್ಟಿಯಾಗದ ಲಾಭ

 

ದೀಪಾವಳಿಗೆ ನೀನು ಪುಣೆಯಿಂದ ರಾಜೇಶ್ವರಕ್ಕೆ ಬಂದಿದ್ದಾಗ, ಪಾಡ್ಯದ ರಾತ್ರಿ ಊಟವಾದ ಮೇಲೆ ಪಡಸಾಲೆಯಲ್ಲಿ ನನ್ನ ಮಗ್ಗುಲಿಗೆ ಕುಳಿತು, ಮೊಬೈಲಿನಲ್ಲಿ ಹಸಿರಾಗಿ ಮಿನುಗುತ್ತಿದ್ದ ‘ಶೇ. 20’ ಎಂಬ ಅಂಕಿಯನ್ನು ತೋರಿಸಿ, “ದೊಡ್ಡಪ್ಪ, ಎರಡ್ ದಿನ್ದಾಗ ಇಷ್ಟ್ ಬಂತು” ಎಂದೆಯಷ್ಟೆ. “ಪಟ್ಟಿ ಆಗ್ಯಾದೇನು?” ಎಂದು ನಾನು ಕೇಳಿದ್ದಕ್ಕೆ ನೀನು ನಕ್ಕೆ. ಆ ನಗೆಗೆ ಉತ್ತರವಾಗಿ ಈ ಪತ್ರ. ನಿನ್ನಂತೆಯೇ ನಡುರಾತ್ರಿಯವರೆಗೆ ಮೊಬೈಲು ಹಿಡಿದು ಕೂರುವ ಹುಡುಗರು ಈ ಊರಿನಲ್ಲಿಯೂ ಇರುವುದರಿಂದ, ಅವರೂ ಓದಿಕೊಳ್ಳಲೆಂದು ಲಕೋಟೆಗೆ ಅಂಟು ಹಚ್ಚದೆಯೇ ಬರೆದಿದ್ದೇನೆ.

ನಿನ್ನ ಅಜ್ಜನವರು ಹುಮನಾಬಾದಿನ ಅಡತಿ ಅಂಗಡಿಯೊಂದರಲ್ಲಿ ಮುನೀಮರಾಗಿದ್ದುದು ನಿನಗೆ ತಿಳಿದದ್ದೇ. ತೊಗರಿಯ ಚೀಲಗಳು ಅಂಗಡಿಯ ಮುಂದೆ ಇಳಿದು, ಸವಾಲಾಗಿ, ಧಾರಣೆ ಗೊತ್ತಾದ ಬಳಿಕವೂ, ಇಷ್ಟು ಬಂತೆಂದು ಯಾವ ರೈತನೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಏಕೆಂದರೆ ತೂಕವನ್ನು ಧಾರಣೆಯಿಂದ ಗುಣಿಸಿದ ದೊಡ್ಡ ಅಂಕಿಯ ಕೆಳಗೆ ಅಡತಿ, ಹಮಾಲಿ, ತೂಕದ ಖರ್ಚು, ಬೀಜಕ್ಕೆಂದು ಮೊದಲೇ ಎತ್ತಿದ ಹಣ, ಅದರ ಬಡ್ಡಿ, ಇವೆಲ್ಲ ಒಂದೊಂದಾಗಿ ಇಳಿದು ಬಂದು, ಕಟ್ಟಕಡೆಯಲ್ಲಿ ಉಳಿದ ಚಿಕ್ಕ ಅಂಕಿಯೇ ಅವನ ಮನೆಗೆ ಹೋಗತಕ್ಕದ್ದೆಂಬುದನ್ನು ಅವನು ಬಲ್ಲ. ಆ ಚೀಟಿಗೇ ಪಟ್ಟಿ ಎನ್ನುವರು. ನಿನ್ನ ಮೊಬೈಲು ತೋರಿಸಿದ್ದು ಮೇಲಿನ ಅಂಕಿ.

ನಾನೂ ಈ ವಿಷಯದಲ್ಲಿ ಮಹಾಜಾಣನಾಗಿರಲಿಲ್ಲ. ಒಂದು ವರ್ಷ ಇಪ್ಪತ್ತು ಚೀಲ ತೊಗರಿಯನ್ನು ಮಾರದೆ ಮನೆಯಲ್ಲಿಟ್ಟು, ಪೇಟೆಯ ಧಾರಣೆ ಏರಿದಂತೆಲ್ಲ ಕೋಣೆಯ ಬಾಗಿಲ ಹಿಂದೆ ಸುಣ್ಣದ ಕಡ್ಡಿಯಿಂದ ಲಾಭವನ್ನು ಬರೆಯುತ್ತಾ, ಆ ಲಾಭದ ಬಲದ ಮೇಲೆ ಒಂದು ಜೋಡಿ ಎತ್ತಿಗೆ ಮುಂಗಡವನ್ನೂ ಕೊಟ್ಟೆ. ಒಂದು ಸಂಜೆ ಅಪ್ಪ ಬಾಗಿಲನ್ನು ನೋಡಿ, “ಪಟ್ಟಿ ಆಗ್ಲಾರ್ದ ಲಾಭ ಎಲ್ಲಿದೋ?” ಎಂದಷ್ಟೇ ಹೇಳಿ ಒಳಗೆ ಹೋದರು. ಧಾರಣೆ ಇಳಿಯಿತು, ಕಾಳಿಗೆ ನುಸಿ ಹತ್ತಿತು, ಎತ್ತಿನ ಮುಂಗಡ ಮುಳುಗಿತು. ಬಾಗಿಲ ಮೇಲಿನ ಸುಣ್ಣದ ಗೆರೆಗಳು ಮಾತ್ರ ಮುಂದೆ ಬಹಳ ಕಾಲ ಉಳಿದಿದ್ದವು.

ನಿನ್ನ ಕ್ರಿಪ್ಟೊ ನಾಣ್ಯದ ವಾಯಿದಾ ವ್ಯಾಪಾರವನ್ನು ನಾನು ಕೇಳಿ, ಓದಿ ತಿಳಿದಿದ್ದೇನೆ. ವಾಯಿದಾ ವ್ಯಾಪಾರವೆಂಬ ಹೆಸರು ಬಂದದ್ದೇ, ಒಪ್ಪಿದ ದಿನಕ್ಕೆ ಮಾಲನ್ನೋ ಹಣವನ್ನೋ ಒಪ್ಪಿಸಬೇಕೆಂಬ ಗಡುವಿನಿಂದ. 2016ರಲ್ಲಿ ಬಿಟ್‌ಮೆಕ್ಸ್ ಎಂಬ ಸಂಸ್ಥೆ ಬಿಟ್‌ಕಾಯಿನ್ನಿನಲ್ಲಿ ಚಲಾವಣೆಗೆ ತಂದ ‘ಪರ್ಪೆಚುಯಲ್ ಫ್ಯೂಚರ್ಸ್’ ಆದರೋ ವಾಯಿದೆಯೇ ಇಲ್ಲದ ವಾಯಿದಾ. ಗಡುವಿಲ್ಲದ ಒಪ್ಪಂದದ ಬೆಲೆಯು ನಗದು ಪೇಟೆಯ ಬೆಲೆಯನ್ನು ಬಿಟ್ಟು ದೂರ ಹೋಗದಿರಲೆಂದು, ಎಂಟೆಂಟು ಗಂಟೆಗೊಮ್ಮೆ, ಬಹುಪಾಲು ಕಡೆ ನಮ್ಮ ಗಡಿಯಾರದ ಬೆಳಗಿನ 5.30, ಮಧ್ಯಾಹ್ನದ 1.30, ರಾತ್ರಿಯ 9.30ಕ್ಕೆ, ಒಪ್ಪಂದದ ಬೆಲೆ ಮೇಲಿದ್ದರೆ ಕೊಂಡವರು ಮಾರಿದವರಿಗೂ, ಕೆಳಗಿದ್ದರೆ ಮಾರಿದವರು ಕೊಂಡವರಿಗೂ ಒಂದಿಷ್ಟು ತೆರುವ ಕ್ರಮವುಂಟು; ಅದೇ ನೀನು ಹೇಳಿದ ‘ಫಂಡಿಂಗ್’. ನೀನು ಮಲಗಿರುವಾಗಲೂ ಅದು ಎಚ್ಚರವಾಗಿರುತ್ತದೆ.

ಈಗ ಲೆಕ್ಕಕ್ಕೆ ಕುಳಿತುಕೊ. ನೀನು ಕೈಯಿಂದ ಕಟ್ಟಿದ ಮಾರ್ಜಿನ್ನು 10,000 ರೂಪಾಯಿ. ಇಪ್ಪತ್ತು ಪಟ್ಟು ಲೆವರೇಜಿನಿಂದ ನೀನು ಹಿಡಿದದ್ದು 2,00,000 ರೂಪಾಯಿಯ ಮಾಲು. ಬೆಲೆ ಏರಿದ್ದು ಶೇ. 1 ಮಾತ್ರ, ಮೊಬೈಲು ಅದನ್ನು ಮಾರ್ಜಿನ್ನಿನ ಮೇಲೆ ಅಳೆದು ಶೇ. 20 ಎಂದು ಹಿಗ್ಗಿಸಿ, 2,000 ರೂಪಾಯಿ ತೋರಿಸಿತು. ಆದರೆ ದಲಾಲಿಯನ್ನು ಹತ್ತು ಸಾವಿರದ ಮೇಲಲ್ಲ, ಎರಡು ಲಕ್ಷದ ಮೇಲೆ ಹಿಡಿಯುವರು. ಅದು ಶೇ. 0.05 ಎಂದಿಟ್ಟುಕೊಂಡರೆ ಹೋಗುವಾಗ 100, ಬರುವಾಗ 101; ಅದರ ಮೇಲೆ ಶೇ. 18 ಜಿಎಸ್‌ಟಿ 36. ಎರಡು ದಿನದ ಆರು ಫಂಡಿಂಗು ಶೇ. 0.01ರಂತೆ 120. ಉಳಿದದ್ದು 1,643. ಮರುವಾರ ಇದೇ ಮಾಲು ಶೇ. 1 ಇಳಿದರೆ, ಈ ಖರ್ಚುಗಳು ಆಗಲೂ ಬಿಡದೆ ಕೂಡಿಕೊಂಡು, ಹೋಗುವುದು 2,355. ಒಂದು ಗೆದ್ದೆ, ಒಂದು ಸೋತೆ, ಸರಿಸಮ ಎಂದು ನೀನು ತಿಳಿದಿರುವೆ. ಕಿರ್ದಿಯು 712 ರೂಪಾಯಿ ಕಡಿಮೆ ಎನ್ನುತ್ತದೆ.

ಇದರಲ್ಲಿ ಇನ್ನೊಂದು ತೊಡಕಿದೆ. ಹೈದರಾಬಾದು ಸಂಸ್ಥಾನದ ದಿನಗಳ ನಮ್ಮ ಹಳೆಯ ವಹಿಗಳಲ್ಲಿ ಹಾಲಿ ಸಿಕ್ಕಾ, ಕಲ್ದಾರ ಎಂದು ಎರಡು ನಾಣ್ಯಗಳು ನಡೆಯುತ್ತಿದ್ದು, ಕೊನೆಗಾಲದ ದರ ಏಳು ಹಾಲಿಗೆ ಆರು ಕಲ್ದಾರವಾಗಿತ್ತು. 1959ರಲ್ಲಿ ಹಾಲಿಯ ಚಲಾವಣೆ ನಿಂತಿತು. ಯಾವ ಅಂಕಿ ಹಾಲಿಯದು, ಯಾವುದು ಕಲ್ದಾರದ್ದೆಂದು ಪಕ್ಕದಲ್ಲಿ ಬರೆಯದ ಗುಮಾಸ್ತನಿಗೆ ಶಿಲ್ಕು ಎಂದೂ ಕೂಡುತ್ತಿರಲಿಲ್ಲವೆಂದು ಅಪ್ಪ ಹೇಳುತ್ತಿದ್ದರು. ನೀನು ರೂಪಾಯಿ ಕೊಟ್ಟು ಯುಎಸ್‌ಡಿಟಿ ಎಂಬ ನಾಣ್ಯ ಕೊಂಡು, ಅದರಲ್ಲಿ ಲಾಭ ಎಣಿಸಿ, ಮರಳಿ ರೂಪಾಯಿಗೆ ತಿರುಗಿಸುವಾಗ ಕೊಳ್ಳುವ ದರಕ್ಕೂ ಮಾರುವ ದರಕ್ಕೂ ಇರುವ ಅಂತರವನ್ನು ಎಲ್ಲಿ ಬರೆದಿದ್ದೀ? ಎಲ್ಲಿಯೂ ಇಲ್ಲ.

ತೆರಿಗೆಯ ಮಾತನ್ನು ಬೇಗ ಮುಗಿಸುತ್ತೇನೆ, ಅದರಲ್ಲಿ ರಸವಿಲ್ಲ. 2022ರ ಏಪ್ರಿಲ್ 1ರಿಂದ ಇಂಥ ನಾಣ್ಯಗಳ ಮಾರಾಟದ ಲಾಭಕ್ಕೆ ಶೇ. 30 ತೆರಿಗೆ, ಒಂದರ ನಷ್ಟವನ್ನು ಮತ್ತೊಂದರ ಲಾಭದಲ್ಲಿ ಕಳೆಯಲಾಗದು, ಮುಂದಿನ ವರ್ಷಕ್ಕೆ ಒಯ್ಯಲೂ ಆಗದು. ಅದೇ ಜುಲೈ 1ರಿಂದ ಶೇ. 1 ಟಿಡಿಎಸ್ ಬೇರೆ. ನಾಣ್ಯವೇ ಕೈಬದಲಾಗದ ವಾಯಿದೆಗೆ ಈ ನಿಯಮ ಎಷ್ಟರಮಟ್ಟಿಗೆ ತಗಲುವುದೆಂಬಲ್ಲಿ ಲೆಕ್ಕಪರಿಶೋಧಕರೇ ಒಂದು ಮಾತಿನವರಲ್ಲ. ಆದುದರಿಂದ ವರ್ಷದ ಕಡೆಗೆ ಅವರ ಮುಂದೆ ಕೂರುವಾಗ ಬರಿಗೈಯಲ್ಲಿ ಹೋಗದೆ ಪ್ರತಿಯೊಂದು ಸವದಾದ ವಿವರ ಒಯ್ಯಿ. ಒಂದು ವಿಚಿತ್ರವನ್ನು ಹೇಳದಿರಲಾರೆ: ನಮ್ಮ ಹೊಲದ ತೊಗರಿ, ಉದ್ದುಗಳ ವಾಯಿದೆಯನ್ನು ಸರ್ಕಾರ 2007ರ ಜನವರಿಯಲ್ಲಿಯೇ ನಿಲ್ಲಿಸಿತು, 2021ರಲ್ಲಿ ಕಡಲೆ, ಹೆಸರು, ಸೋಯಾಗಳದ್ದೂ ನಿಂತಿತು. ಕಣ್ಣಿಗೆ ಕಾಣುವ ಕಾಳಿಗೆ ಇಲ್ಲದ ಆಟ ಕಾಣದ ನಾಣ್ಯಕ್ಕೆ ರಾತ್ರಿಯಿಡೀ ನಡೆದಿದೆ.

ಕಲ್ಯಾಣದ ನೆರೆಯಲ್ಲಿ ಕುಳಿತವನು ಇನ್ನು ಕಾಯಕದ ಉಪದೇಶಕ್ಕೆ ತೊಡಗುವನೆಂದು ನೀನು ಹೆದರಿರಬಹುದು, ತೊಡಗುವುದಿಲ್ಲ. ಬಸವಣ್ಣನವರು ಬಿಜ್ಜಳನ ಭಂಡಾರಿಯಾಗುವ ಮೊದಲು ಲೆಕ್ಕ ಬರೆಯುವ ಕರಣಿಕರಾಗಿದ್ದರೆಂಬುದನ್ನು ಮಾತ್ರ ನೆನಪಿಸಿ ಸುಮ್ಮನಾಗುತ್ತೇನೆ.

ಶೇರುಪೇಟೆಯ ಫ್ಯೂಚರ್ಸು, ಆಪ್ಷನ್ಸುಗಳಲ್ಲಿ 2021-22ರಿಂದ ಮೂರು ವರ್ಷ ವ್ಯವಹರಿಸಿದ ಬಿಡಿ ಜನರಲ್ಲಿ ಶೇ. 93 ಮಂದಿ ಕಳೆದುಕೊಂಡರೆಂದು ಸೆಬಿ 2024ರ ಸೆಪ್ಟೆಂಬರಿನಲ್ಲಿ ಲೆಕ್ಕ ಹಾಕಿ ಹೇಳಿತು. ಅವರು ಕಳೆದದ್ದು ಒಟ್ಟು 1.8 ಲಕ್ಷ ಕೋಟಿ ರೂಪಾಯಿಗೂ ಮೀರಿತ್ತು. ನಿನ್ನ ನಾಣ್ಯದ ಪೇಟೆಗೆ ಅಂಥ ಲೆಕ್ಕಿಗನೂ ಇಲ್ಲ. ನೀನು ಊರಿಗೆ ಬರುವ ಹತ್ತು ದಿನ ಮೊದಲು, 2025ರ ಅಕ್ಟೋಬರ್ 10ರಂದು, ಅಮೆರಿಕದ ಅಧ್ಯಕ್ಷರು ಚೀನದ ಸರಕಿಗೆ ಹೊಸ ಸುಂಕ ಸಾರಿದ ಮೇಲೆ, ಆ ಪೇಟೆಯಲ್ಲಿ ಒಂದೇ ದಿನದಲ್ಲಿ ಸುಮಾರು 1,900 ಕೋಟಿ ಡಾಲರಿನ ಒಪ್ಪಂದಗಳು ಒಡೆಯರನ್ನು ಕೇಳದೆಯೇ ಮುರಿದುಬಿದ್ದವು. ಇಪ್ಪತ್ತು ಪಟ್ಟು ಹಿಡಿದವನಿಗೆ ಬೆಲೆ ಶೇ. 5ರಷ್ಟು ತಿರುಗುವ ಮೊದಲೇ ಆ ಗತಿ. ಅಂಥ ದಿನದ ನಷ್ಟವನ್ನೂ ವಹಿಯಲ್ಲಿ ಅದೇ ದಿನ, ಅದೇ ಅಕ್ಷರದಲ್ಲಿ ಬರೆಯತಕ್ಕದ್ದು. ಹೊಸ ಹಣ ಹಾಕಿ ಹಳೆಯ ಸಾಲನ್ನು ಅಳಿಸತಕ್ಕದ್ದಲ್ಲ. ನಿನ್ನ ಸಂಬಳದಿಂದ ಆ ವ್ಯಾಪಾರದ ಖಾತೆಗೆ ಹೋದ ಪ್ರತಿ ರೂಪಾಯಿ ಒಂದು ಕಡೆ, ಬ್ಯಾಂಕಿಗೆ ಮರಳಿ ಬಂದದ್ದು ಇನ್ನೊಂದು ಕಡೆ ಇರಲಿ. ಮುಚ್ಚದ ಒಪ್ಪಂದದ ಲಾಭವನ್ನು ಬೇಕಿದ್ದರೆ ಸೀಸದ ಕಡ್ಡಿಯಿಂದ ಬರೆ, ಮುಚ್ಚಿದ ಮೇಲೆ ಶಾಯಿಯಿಂದ ತಿದ್ದು.

ಪುಣೆಗೆ ಹೊರಟಿರುವ ನೆರೆಮನೆಯವರ ಕೈಯಲ್ಲಿ ಕೆಂಪು ಬಟ್ಟೆಯ ರಟ್ಟಿನ ಹೊಸ ವಹಿಯೊಂದನ್ನು ಕಳಿಸಿದ್ದೇನೆ. ದೊಡ್ಡಮ್ಮನ ಶೇಂಗಾ ಹೋಳಿಗೆಯ ಡಬ್ಬಿಯೂ ಜೊತೆಗಿದೆ, ಎಣ್ಣೆ ವಹಿಗೆ ತಾಗದಂತೆ ನೋಡಿಕೊ. ಮೊದಲ ಪುಟದಲ್ಲಿ ‘ಶ್ರೀ’ ಎಂದೂ ಅದರ ಕೆಳಗೆ ‘ಆರಂಭ ಶಿಲ್ಕು’ ಎಂದೂ ನಾನೇ ಬರೆದು, ಅಂಕಿಯ ಜಾಗವನ್ನು ಬಿಟ್ಟಿದ್ದೇನೆ.

ಇತಿ ನಿನ್ನ
ದೊಡ್ಡಪ್ಪ